ಸ್ಕೌಟ್ ದಾಖಲೆಯೂ ಟಿ.ಸಿ. ಜೊತೆಗೇ ಹೋಗಲಿ

ಮಾನ್ಯ ಸಂಪಾದಕರೇ,

ಸ್ಕೌಟ್‌ನಲ್ಲಿ ರಾಜ್ಯ ಪುರಸ್ಕಾರ ಪಡೆದ ಮಕ್ಕಳ ಫೋಟೊ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ, ಸಂತೋಷ. ಆದರೆ ಅದಕ್ಕೆ ಎರಡು ಮೆಟ್ಟಿಲು ಕೆಳಗಿನ ದ್ವಿತೀಯ ಸೋಪಾನಕ್ಕೇ ನಿಂತು ಎಸ್ಸೆಸ್ಸೆಲ್ಸಿ ಮುಗಿಸಿ ಹೋಗುವವರ ಲೆಕ್ಕ ಇಡುವವರಿಲ್ಲ. ಮಕ್ಕಳು ಹಿಂದೆ ಬಿದ್ದರೆಂದು ಇದನ್ನು ತಳ್ಳಿಹಾಕಬೇಡಿ. ತಪ್ಪು ತಿಂಗಳುಗಳ ಲೆಕ್ಕದಲ್ಲಿದೆ.

ಪ್ರತಿ ಹಂತಕ್ಕೂ ಇಂತಿಷ್ಟು ಸೇವಾವಧಿ ಬೇಕು: ಮೊದಲ ಹಂತವಾದ ಪ್ರವೇಶಕ್ಕೆ ಕನಿಷ್ಠ 3 ತಿಂಗಳು, ಪ್ರಥಮ ಸೋಪಾನಕ್ಕೆ 6, ದ್ವಿತೀಯ, ತೃತೀಯ ಮತ್ತು ರಾಜ್ಯ ಪುರಸ್ಕಾರಕ್ಕೆ ತಲಾ 9. ಒಟ್ಟು 36 ತಿಂಗಳು. ಆರನೇ ತರಗತಿಯ ಜೂನ್‌ನಲ್ಲಿ ಶಾಲೆಯ ಸ್ಕೌಟ್ ದಳ ಸೇರಿದವನಿಗೆ ಒಂಬತ್ತನೇ ತರಗತಿಯ ಆರಂಭಕ್ಕೆ ಈ ಅವಧಿ ತುಂಬುತ್ತದೆ. ಎಂಟರಲ್ಲಿ ಸೇರಿದವನಿಗೆ ತುಂಬುವ ಹೊತ್ತಿಗೆ ಹತ್ತನೇ ತರಗತಿಯೇ ಮುಗಿದಿರುತ್ತದೆ. ಹಾಗಾದರೆ ಆರರಲ್ಲೇ ಸೇರಿಸಿ ಎನ್ನಬಹುದು. ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಸಾಮಾನ್ಯವಾಗಿ ಏಳಕ್ಕೆ ಮುಗಿಯುತ್ತದಲ್ಲ! ಎಂಟಕ್ಕೆ ಹುಡುಗ ಬೇರೆ ಶಾಲೆಗೆ ಹೋಗುತ್ತಾನೆ, ಟಿ.ಸಿ. ಜೊತೆಗೆ ಹೋಗುತ್ತದೆ, ಸೋಪಾನದ ದಾಖಲೆ ಹಳೆಯ ಬೀರುವಿನಲ್ಲೇ ಉಳಿಯುತ್ತದೆ. ಹೊಸ ದಳದಲ್ಲಿ ಮತ್ತೆ ಪ್ರವೇಶದಿಂದ ಶುರು. ಒಂದೇ ಆವರಣದಲ್ಲಿ ಪ್ರೌಢಶಾಲೆಯೂ ಇರುವ ಕರ್ನಾಟಕ ಪಬ್ಲಿಕ್ ಶಾಲೆಗಳಿಗೆ ಈ ತಾಪತ್ರಯವಿಲ್ಲ.

1950ರ ನವೆಂಬರ್ 7ರಂದು ಹುಟ್ಟಿದ ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್‌ನಲ್ಲಿ ಮೇಲಿನಿಂದ ಕೆಳಕ್ಕೆ ರಾಷ್ಟ್ರೀಯ ಕಚೇರಿ, ರಾಜ್ಯ ಸಂಸ್ಥೆ, ಜಿಲ್ಲಾ ಸಂಸ್ಥೆ, ಸ್ಥಳೀಯ ಸಂಸ್ಥೆ, ದಳ ಇವೆ. ಹುಡುಗನ ಹಳೆಯ, ಹೊಸ ಎರಡೂ ಶಾಲೆಗಳನ್ನು ಹತ್ತಿರದಿಂದ ಬಲ್ಲದ್ದು ಸ್ಥಳೀಯ ಸಂಸ್ಥೆಯೊಂದೇ. ಪದಾಧಿಕಾರಿಗಳ ಪಟ್ಟಿಯಲ್ಲಷ್ಟೇ ಅದು ಬದುಕಿರುವ ತಾಲ್ಲೂಕುಗಳೂ ಇವೆ.

ಇದಕ್ಕೆ ದೊಡ್ಡ ಅನುದಾನ ಬೇಡ, ಸ್ಥಳೀಯ ಸಂಸ್ಥೆ ಒಂದು ರಿಜಿಸ್ಟರ್ ಇಟ್ಟರೆ ಸಾಕು. ಹೆಸರು, ಜನ್ಮದಿನಾಂಕ, ದಳದ ನೋಂದಣಿ ಸಂಖ್ಯೆ, ಪ್ರತಿ ಸೋಪಾನ ಮುಗಿದ ದಿನಾಂಕ. ಏಳನೇ ತರಗತಿಯ ಟಿ.ಸಿ. ಕೊಡುವಾಗಲೇ ಆ ಸಂಸ್ಥೆಯ ಕಾರ್ಯದರ್ಶಿಯ ಸಹಿಯಿರುವ ಪ್ರತಿಯೊಂದನ್ನು ಲಗತ್ತಿಸಲಿ. ಪ್ರೌಢಶಾಲೆಯ ದಳ ಆ ಹುಡುಗನನ್ನು ಅದೇ ವರ್ಷದ ನೋಂದಣಿಯಲ್ಲಿ ತೋರಿಸಲಿ, ಏಕೆಂದರೆ ನೋಂದಣಿ ತಪ್ಪಿದ ವರ್ಷದ ಸೇವೆಯನ್ನು ಪರೀಕ್ಷಕರು ಒಪ್ಪುವುದು ಕಷ್ಟ.

ದಾಖಲೆ ಇಲ್ಲದಿದ್ದಾಗ ಏನಾಗುತ್ತದೆಂಬುದು ಪರೀಕ್ಷಾ ಶಿಬಿರಕ್ಕೆ ಮಕ್ಕಳು ತರುವ ಲಾಗ್ ಪುಸ್ತಕಗಳಲ್ಲೇ (ಚಟುವಟಿಕೆಗಳ ದಾಖಲೆ) ಕಾಣುತ್ತದೆ: ಎರಡು ವರ್ಷದ ಸಹಿಗಳೆಲ್ಲ ಒಂದೇ ಪೆನ್ನಿನಲ್ಲಿ, ಒಂದೇ ಬಾಗಿನಲ್ಲಿ. ಕೆಲವದರಲ್ಲಿ ಪ್ರಥಮ ಮತ್ತು ದ್ವಿತೀಯ ಸೋಪಾನಗಳ ನಡುವೆ ಒಂಬತ್ತು ತಿಂಗಳ ಬದಲು ನಾಲ್ಕೇ ತಿಂಗಳು. ಹುಡುಗ ಶೀಪ್‌ಶ್ಯಾಂಕ್ ಗಂಟನ್ನು ಕಣ್ಣುಮುಚ್ಚಿ ಹಾಕಿದರೂ ಅರ್ಜಿ ವಾಪಸಾಗುತ್ತದೆ.

ಶಾಲೆಗೊಬ್ಬರೇ ತರಬೇತಾದ ಶಿಕ್ಷಕರಿರುವುದು ಇನ್ನೊಂದು ತೊಡಕು. ಅವರಿಗೆ ವರ್ಗವಾದರೆ ದಳ ಮಲಗಿತು. ಬೇಸಿಕ್ ತರಬೇತಿ ಏಳು ದಿನದ್ದು. ಇಬ್ಬರನ್ನು ಕಳಿಸುವುದು ಮುಖ್ಯ ಶಿಕ್ಷಕರಿಗೆ ಅಸಾಧ್ಯವೇನಲ್ಲ. ಬಿಇಒಗಳು ಬೇಸಿಗೆ ರಜೆಗೆ ಮೊದಲೇ ಈ ಹೆಸರುಗಳನ್ನು ತರಿಸಿಕೊಳ್ಳಲಿ.

– ಒಬ್ಬ ಸ್ಕೌಟ್ ಮಾಸ್ಟರ್, ತುಮಕೂರು ಜಿಲ್ಲೆ