ಹೆದರಿಕೆಯ ಜೊತೆಗೇ ಹೋಗು, ಅಪ್ಪಿ

ಶಿವಮೊಗ್ಗ

ಚಿರಂಜೀವಿ ಅಪ್ಪಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಾವೆಲ್ಲ ಕ್ಷೇಮ. ಜನರ ನಡುವೆ ಹೋಗೋಕೆ ಹೆದರಿಕೆ ಅಂತ ನೀನು ವಾಟ್ಸಾಪಿನಲ್ಲಿ ಬರೆದು ಕಳಿಸಿದ್ದನ್ನು ನಿಧಾನವಾಗಿ ಓದಿದೆ. ಫೋನಿನಲ್ಲಿ ಹೇಳೋಕೆ ಬಾಯಿ ಬರಲ್ಲ, ಅದಕ್ಕೆ ಬರೀತಿದ್ದೀನಿ ಅಂದಿದ್ದೀಯ. ಬರೆದದ್ದು ಒಳ್ಳೇದಾಯಿತು. ಈ ಮಾತನ್ನು ಇಷ್ಟು ವರ್ಷ ಒಬ್ಬನೇ ಇಟ್ಟುಕೊಂಡಿದ್ದೆಯಲ್ಲ ಅಂತ ಹೊಟ್ಟೆಯಲ್ಲಿ ಸಂಕಟವಾಯಿತು. ಇನ್ನು ಒಬ್ಬನೇ ಇಟ್ಟುಕೊಳ್ಳಬೇಕಾಗಿಲ್ಲ.

ಇದು ನನ್ನ ಸ್ವಭಾವವೋ ಕಾಯಿಲೆಯೋ ಅಂತ ಕೇಳಿದ್ದೀಯ. ಹೊಸಬರ ಮುಂದೆ ಸಂಕೋಚ ಪಡುವುದು ಸ್ವಭಾವ. ನಿನ್ನ ಅಪ್ಪನಿಗೂ ಅದು ಇದೆ. ಆದರೆ ಅವನು ಸಂಕೋಚ ಪಡುತ್ತಲೇ ಅಡಿಕೆ ಮಂಡಿಗೆ ಹೋಗಿ ರೇಟು ಕೇಳುತ್ತಾನೆ, ಸೊಸೈಟಿ ಸಭೆಯಲ್ಲಿ ಹಿಂದಿನ ಸಾಲಿನಲ್ಲಿ ಕೂತು ಬರುತ್ತಾನೆ. ನೀನಾದರೆ ಮೆಸ್ಸಿನಲ್ಲಿ ಎಲ್ಲರ ಎದುರು ಉಣ್ಣಲಾಗದೆ ರೂಮಿನಲ್ಲಿ ಬಿಸ್ಕತ್ತು ತಿಂದು ಮಲಗುತ್ತಿದ್ದೀಯ. ಸೆಮಿನಾರ್ ದಿನ ಜ್ವರ ಅಂತ ಹೇಳಿ ತೀರ್ಥಹಳ್ಳಿ ಬಸ್ಸು ಹತ್ತಿದೆ. ಬ್ಯಾಂಕಿನಲ್ಲಿ ಕೌಂಟರ್ ತನಕ ಹೋಗಿ, ಏನೂ ಕೇಳದೆ ವಾಪಸ್ ಬಂದೆ. ಜನ ನನ್ನನ್ನು ನೋಡಿ ಏನಂದುಕೊಳ್ಳುತ್ತಾರೋ ಅನ್ನುವ ಭಯ ಆರು ತಿಂಗಳಿಗೂ ಮೀರಿ ಉಳಿದು, ಊಟಕ್ಕೆ, ಓದಿಗೆ, ಸ್ನೇಹಕ್ಕೆ ಅಡ್ಡ ಬರುತ್ತಿದ್ದರೆ ಮನೋವೈದ್ಯರು ಅದನ್ನು ಸೋಶಿಯಲ್ ಆಂಗ್ಸೈಟಿ ಡಿಸಾರ್ಡರ್ ಅನ್ನುತ್ತಾರೆ. ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ 1980ರಲ್ಲೇ ಇದು ಸೋಶಿಯಲ್ ಫೋಬಿಯಾ ಎಂಬ ಹೆಸರಿನಲ್ಲಿ ಸೇರಿತ್ತು. ನಿನಗೆ ಇರುವುದು ಅದೇ ಅಂತ ಹೇಳಬೇಕಾದವರು ಡಾಕ್ಟರು, ನಾನಲ್ಲ. ಆದರೆ ನರ್ಸ್ ಕೆಲಸದಲ್ಲಿ ಇದ್ದಷ್ಟು ಕಾಲ ಇಂಥ ಮಕ್ಕಳನ್ನು ಕಂಡಿದ್ದೇನೆ. ನೀನು ಬರೆದದ್ದು ಓದಿದಾಗ ಅವರ ಮುಖಗಳೇ ನೆನಪಾದವು. ಇದಕ್ಕೆ ಚಿಕಿತ್ಸೆ ಇದೆ, ಅಪ್ಪಿ. ಅದನ್ನು ಹೇಳೋಕೇ ಈ ಕಾಗದ.

ಒಂಬತ್ತನೇ ಕ್ಲಾಸಿನಲ್ಲಿ ಶುರುವಾಯಿತು ಅಂದಿದ್ದೀಯ. ಸಾಮಾನ್ಯವಾಗಿ ಹದಿಹರೆಯದಲ್ಲೇ ಇದು ಶುರುವಾಗುವುದು. ನಮ್ಮ ಕಡೆ ಹುಡುಗ ಮಾತಾಡದಿದ್ದರೆ ಸಾಧು ಅಂತ ಹೊಗಳುತ್ತಾರೆ. ನೆಂಟರು ಬಂದಾಗ ಹಿತ್ತಲ ಬಾಗಿಲಿಂದ ತೋಟಕ್ಕೆ ಇಳಿದರೂ 'ಅವನಿಗೆ ಜನ ಆಗಿಬರಲ್ಲ' ಅಂತ ಮಾತು ಮುಗಿಸುತ್ತಾರೆ. ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ಗುಡ್ಡ, ತೋಟ ಇರುವ ಊರಿನಲ್ಲಿ ಹೀಗೆ ಎಷ್ಟು ವರ್ಷ ಬೇಕಾದರೂ ಇರಬಹುದು, ಯಾರ ಕಣ್ಣಿಗೂ ಬೀಳುವುದಿಲ್ಲ. ಹಾಸ್ಟೆಲಿಗೆ ಬಂದ ಮೇಲೆ ಅಡಗಲು ತೋಟ ಇಲ್ಲವಾಯಿತು, ಅಷ್ಟೇ. ನೀನು ಶಿವಮೊಗ್ಗಕ್ಕೆ ಬಂದು ಕೆಟ್ಟೆ ಅಂತ ನಿನ್ನಮ್ಮ ಅಂದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡ.

ಈಗ ಈ ಭಯ ಹೇಗೆ ಬೆಳೆಯುತ್ತೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಇದು ತಿಳಿದರೆ ಅರ್ಧ ದಾರಿ ಸಿಕ್ಕಿದ ಹಾಗೆ.

ಸೆಮಿನಾರ್ ತಪ್ಪಿಸಿಕೊಂಡು ಬಸ್ಸು ಹತ್ತಿದಾಗ ಎಷ್ಟು ಹಗುರ ಅನ್ನಿಸಿತು, ಅಲ್ವಾ? ತೊಂದರೆ ಇರುವುದೇ ಆ ಹಗುರದಲ್ಲಿ. 'ಓಡಿ ಬಂದಿದ್ದಕ್ಕೆ ಉಳಿದೆ' ಅಂತ ಮನಸ್ಸು ಪಾಠ ಕಲಿಯುತ್ತೆ. ಮುಂದಿನ ಸಲ ಇನ್ನೂ ಬೇಗ ಓಡಿಸುತ್ತೆ. ಅಲ್ಲಿ ನಿಂತಿದ್ದರೆ ನಿಜವಾಗಿ ಏನಾಗುತ್ತಿತ್ತು ಅಂತ ನೋಡುವ ಅವಕಾಶವೇ ಅದಕ್ಕೆ ಸಿಗುವುದಿಲ್ಲ.

ಓಡಿಹೋಗದೆ ನಿಂತಾಗಲೂ ನೀನು ಕೆಲವು ಉಪಾಯ ಮಾಡುತ್ತೀಯ. ನೀನೇ ಬರೆದಿದ್ದೀಯ: ಕೈ ನಡುಗುವುದು ಕಾಣಬಾರದು ಅಂತ ಲೋಟವನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿಯುವುದು, ಬೆವರು ಕಾಣದಿರಲಿ ಅಂತ ಸೆಕೆಯಲ್ಲೂ ಜಾಕೆಟ್ ಹಾಕುವುದು, ಆಡುವ ಮಾತನ್ನು ಮೊದಲೇ ಬಾಯಿಪಾಠ ಮಾಡುವುದು, ಯಾರಾದರೂ ಎದುರು ಬಂದರೆ ಮೊಬೈಲ್ ನೋಡುವುದು. ಡೇವಿಡ್ ಕ್ಲಾರ್ಕ್, ಏಡ್ರಿಯನ್ ವೆಲ್ಸ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 1995ರಲ್ಲಿ ಇದನ್ನೇ ವಿವರಿಸಿದರು. ಈ ಉಪಾಯಗಳು ಕಾಪಾಡುತ್ತವೆ ಅನ್ನಿಸುತ್ತೆ, ಆದರೆ ಭಯವನ್ನು ಉಳಿಸುವುದೇ ಅವು. ಲೋಟ ಬಿಗಿ ಹಿಡಿದಷ್ಟೂ ಕೈ ಜಾಸ್ತಿ ನಡುಗುತ್ತೆ. ಜಾಕೆಟ್ ಹಾಕಿದರೆ ಬೆವರು ಜಾಸ್ತಿಯಾಗುತ್ತೆ. ಬಾಯಿಪಾಠ ಮಾಡಿದ ಮಾತನ್ನು ನೆನಪು ಮಾಡಿಕೊಳ್ಳುವ ಹೊತ್ತಿಗೆ ಎದುರಿನವರು ಹೇಳಿದ್ದು ಕಿವಿಗೆ ಬಿದ್ದಿರುವುದಿಲ್ಲ. ಎಲ್ಲ ಸರಿಯಾಗಿ ನಡೆದರೂ ಮನಸ್ಸು ಅದರ ಶ್ರೇಯವನ್ನು ನಿನಗೆ ಕೊಡುವುದಿಲ್ಲ, ಜಾಕೆಟ್ಟಿಗೆ ಕೊಡುತ್ತೆ.

ಇನ್ನೊಂದು ವಿಷಯ. ಜನರ ನಡುವೆ ಇರುವಾಗ ನಿನ್ನ ಗಮನವೆಲ್ಲ ನಿನ್ನ ಮೇಲೇ ಇರುತ್ತೆ. ಎದೆ ಹೊಡೆದುಕೊಳ್ಳುತ್ತಿದೆಯಾ, ಮುಖ ಕೆಂಪಾಯಿತಾ, ಧ್ವನಿ ನಡುಗಿತಾ ಅಂತ ಒಳಗೇ ಕಾವಲು ಕಾಯುತ್ತೀಯ. ಒಳಗೆ ಅಷ್ಟು ಗದ್ದಲ ಇರುವಾಗ ಹೊರಗಿನವರಿಗೂ ಅದು ಅಷ್ಟೇ ಕಾಣುತ್ತಿದೆ ಅಂತ ನಂಬುತ್ತೀಯ. ಕಾಣುವುದಿಲ್ಲ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಥಾಮಸ್ ಗಿಲೋವಿಚ್ ಮತ್ತು ಜೊತೆಗಾರರು 2000ದಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದೆ. ವಿದ್ಯಾರ್ಥಿಗಳಿಗೆ ಹಾಕಿಕೊಳ್ಳಲು ನಾಚಿಕೆಯಾಗುವಂಥ ಟಿ-ಶರ್ಟ್ ತೊಡಿಸಿ, ಬೇರೆ ವಿದ್ಯಾರ್ಥಿಗಳು ಕೂತಿದ್ದ ಕೋಣೆಯೊಳಗೆ ಕಳಿಸಿದರು. ಎಷ್ಟು ಜನ ಗಮನಿಸಿರಬಹುದು ಅಂತ ಆಮೇಲೆ ಕೇಳಿದರು. ಹೆಚ್ಚುಕಡಿಮೆ ಅರ್ಧ ಜನ ಅಂದರು ತೊಟ್ಟವರು. ನಿಜವಾಗಿ ಗಮನಿಸಿದ್ದು ಕಾಲು ಭಾಗದಷ್ಟು ಜನ. ಎದೆಯ ಮೇಲೆ ದೊಡ್ಡದಾಗಿ ಅಚ್ಚಾದ ಚಿತ್ರವೇ ಇಷ್ಟು ಜನರ ಕಣ್ಣು ತಪ್ಪಿದರೆ, ನಿನ್ನ ಬೆರಳ ನಡುಕವನ್ನು ಯಾರು ನೋಡುತ್ತಾರೆ ಹೇಳು. ಮೆಸ್ಸಿನಲ್ಲಿ ಆ ಹುಡುಗರ ಕಣ್ಣು ಅವರ ತಟ್ಟೆಯ ಮೇಲೆ ಇರುತ್ತೆ, ಇಲ್ಲವೇ ಮೊಬೈಲ್ ಮೇಲೆ.

ರಾತ್ರಿ ಮಲಗಿ 'ಹಾಗೆ ಅನ್ನಬಾರದಿತ್ತು, ಹೀಗೆ ನಿಲ್ಲಬಾರದಿತ್ತು' ಅಂತ ದಿನವಿಡೀ ನಡೆದದ್ದನ್ನು ಕೆದಕುತ್ತೀಯಲ್ಲ, ಅದೂ ಈ ಕಾಯಿಲೆಯದೇ ಭಾಗ. ಆಗ ನೆನಪಿಗೆ ಬರುವುದು ನಡೆದದ್ದಲ್ಲ, ಭಯ ಹೇಳಿದ ಕಥೆ. ಅದು ಶುರುವಾದ ಕೂಡಲೇ ಎದ್ದು ಬೇರೆ ಏನಾದರೂ ಮಾಡು.

ಚಿಕಿತ್ಸೆ ಅಂದರೆ ಮುಖ್ಯವಾಗಿ ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ. ಡಾಕ್ಟರುಗಳು ಸಿಬಿಟಿ ಅನ್ನುತ್ತಾರೆ. ಇಂಗ್ಲೆಂಡಿನಲ್ಲಿ 2013ರಲ್ಲಿ ಬಂದ ಮಾರ್ಗಸೂಚಿ ದೊಡ್ಡವರಿಗೆ ಮೊದಲು ಇದನ್ನೇ ಹೇಳುತ್ತದೆ. ಸುಮಾರು ನಾಲ್ಕು ತಿಂಗಳಲ್ಲಿ 14 ಸಲದ ತನಕ, ಒಂದೊಂದು ಸಲ ಒಂದೂವರೆ ಗಂಟೆ. ನಮ್ಮ ಕಡೆ ಅಷ್ಟು ಹೊತ್ತು ಸಿಗುವುದು ಕಷ್ಟ, ಆದರೂ ಕ್ಲಿನಿಕಲ್ ಸೈಕಾಲಜಿಸ್ಟ್ ಹತ್ತಿರ ಕಳಿಸಿ ಅಂತ ಡಾಕ್ಟರನ್ನು ಕೇಳಬೇಕು. ಅಲ್ಲಿ ಸುಮ್ನೆ ಧೈರ್ಯ ಹೇಳಿ ಕಳಿಸುವುದಿಲ್ಲ. ಏನಾಗುತ್ತೆ ಅಂತ ಹೆದರುತ್ತೀಯೋ ಅದನ್ನು ಬರೆಸುತ್ತಾರೆ. ಆಮೇಲೆ ಉಪಾಯಗಳನ್ನು ಬಿಟ್ಟು, ಗಮನವನ್ನು ಹೊರಗೆ ಇಟ್ಟು, ಹೋಗಿ ನೋಡಿ ಬಾ ಅನ್ನುತ್ತಾರೆ. ಕೆಲವು ಕಡೆ ನೀನು ಮಾತಾಡುವುದನ್ನು ವಿಡಿಯೋ ಮಾಡಿ ನಿನಗೇ ತೋರಿಸುತ್ತಾರೆ. ನಾನು ಇಷ್ಟೇನಾ ನಡುಗಿದ್ದು ಅಂತ ಎಷ್ಟೋ ಜನ ಅಲ್ಲೇ ಬೆರಗಾಗುತ್ತಾರೆ.

ಕೆಲಸ ಸುಲಭದಿಂದ ಕಷ್ಟಕ್ಕೆ ಹೋಗಬೇಕು. ಒಂದು ನೋಟ್‌ಬುಕ್ ತಗೊಂಡು, ಹೆದರಿಕೆ ಹುಟ್ಟಿಸುವ ಸಂದರ್ಭಗಳಿಗೆಲ್ಲ ಸೊನ್ನೆಯಿಂದ ನೂರರ ತನಕ ಅಂಕ ಕೊಡು. ಬಸ್ ಸ್ಟ್ಯಾಂಡಿನಲ್ಲಿ ತೀರ್ಥಹಳ್ಳಿ ಬಸ್ಸು ಎಷ್ಟು ಹೊತ್ತಿಗೆ ಅಂತ ಕೇಳುವುದು ನಿನಗೆ ಮೂವತ್ತು ಇರಬಹುದು. ಗಾಂಧಿ ಬಜಾರಿನ ಬಟ್ಟೆ ಅಂಗಡಿಯಲ್ಲಿ ನಾಲ್ಕು ಶರ್ಟ್ ತೆಗೆಸಿ ನೋಡಿ, ಬೇಡ ಅಂತ ಹೇಳಿ ಬರುವುದು ಐವತ್ತು ಅನ್ನು. ಗದ್ದಲದ ಹೊತ್ತಿನಲ್ಲಿ ಮೆಸ್ಸಿನ ನಡುವಿನ ಟೇಬಲಿನಲ್ಲಿ ಕೂತು ಉಣ್ಣುವುದು ಎಪ್ಪತ್ತು. ಕ್ಲಾಸಿನಲ್ಲಿ ಎದ್ದು ಪ್ರಶ್ನೆ ಕೇಳುವುದು, ಸೆಮಿನಾರ್ ಮಾಡುವುದು ಇನ್ನೂ ಮೇಲೆ. ಕೆಳಗಿನಿಂದ ಹಿಡಿ. ಹೋಗುವ ಮೊದಲು 'ನನ್ನ ಧ್ವನಿ ಒಡೆಯುತ್ತೆ, ಅವರು ನಗುತ್ತಾರೆ' ಅಂತ ಬರೆದಿಡು. ಬಂದ ಮೇಲೆ ನಡೆದದ್ದು ಬರೆ. ಒಂದೇ ಕೆಲಸವನ್ನು ಬೇಸರ ಬರುವ ತನಕ ಮತ್ತೆ ಮತ್ತೆ ಮಾಡು. ಆಮೇಲೆ ಬೇಕಂತಲೇ ಒಂದು ಸಣ್ಣ ತಪ್ಪು ಮಾಡಿ ನೋಡು. ಬಸ್ಸಿನ ಟೈಮನ್ನು ಎರಡು ಸಲ ಕೇಳು. ಮಾತಿನ ನಡುವೆ ತಡೆದು ನಿಲ್ಲು. ತಪ್ಪಾದರೂ ಏನೂ ಮುಳುಗುವುದಿಲ್ಲ ಅನ್ನುವುದನ್ನು ಕಣ್ಣಾರೆ ಕಂಡರೆ, ನೂರು ಸಲ ಹೇಳಿಸಿಕೊಂಡದ್ದಕ್ಕಿಂತ ಜಾಸ್ತಿ ನಾಟುತ್ತೆ.

ಮೊದಲು ಭಯ ಹೋಗಲಿ, ಆಮೇಲೆ ಹೋಗ್ತೀನಿ ಅಂತ ಕಾಯಬೇಡ. ಅದು ಮನೆಯಲ್ಲಿ ಕೂತವನನ್ನು ಬಿಟ್ಟು ಹೋಗುವುದಿಲ್ಲ. ಎದೆ ಹೊಡೆದುಕೊಳ್ಳುತ್ತಿರುವಾಗಲೇ ಹೋಗಬೇಕು.

ನಿನ್ನ ಚಿಕ್ಕಪ್ಪ ಹೆಗ್ಗೋಡಿನ ನೀನಾಸಂಗೆ ಕಳಿಸಿ, ನಾಟಕ ಮಾಡಿದರೆ ಸರಿಹೋಗ್ತಾನೆ ಅಂತಿದ್ದಾರಂತೆ. ನಾಟಕ ದೊಡ್ಡ ವಿದ್ಯೆ, ನಿನಗೆ ಆಸೆ ಇದ್ದರೆ ಖಂಡಿತ ಹೋಗು. ಆದರೆ ಅದು ಚಿಕಿತ್ಸೆ ಅಲ್ಲ. ಯಕ್ಷಗಾನದ ಆಟದಲ್ಲಿ ರಾಕ್ಷಸನ ವೇಷ ಕಟ್ಟಿ ಬಯಲೆಲ್ಲ ನಡುಗುವಂತೆ ಅಬ್ಬರಿಸುವವರು, ಚೌಕಿಯಲ್ಲಿ ವೇಷ ಕಳಚಿದ ಮೇಲೆ ಹೊಸಬರ ಜೊತೆ ಮಾತಾಡಲು ತಡವರಿಸುವುದನ್ನು ನೋಡಿದ್ದೇನೆ. ವೇಷ ಇಲ್ಲದೆ, ನೀನು ನೀನಾಗಿಯೇ ಮಾತಾಡುವುದು ನಿನಗೆ ಆಗಬೇಕಾದದ್ದು.

ಮಾತ್ರೆ ಬೇಕಾ ಅಂತ ಡಾಕ್ಟರು ನಿರ್ಧರಿಸಲಿ. ಸಾಮಾನ್ಯವಾಗಿ ಎಸಿಟಾಲೋಪ್ರಾಮ್ ಅಥವಾ ಸರ್ಟ್ರಾಲಿನ್ ಕೊಡುತ್ತಾರೆ. ಇವು ನುಂಗಿದ ದಿನವೇ ಕೆಲಸ ಮಾಡುವುದಿಲ್ಲ, ವಾರಗಳು ಬೇಕು. ಶುರುವಿನಲ್ಲಿ ಹೊಟ್ಟೆ ತೊಳೆಸಬಹುದು, ತಲೆನೋವು ಬರಬಹುದು, ನಿದ್ದೆ ಹೆಚ್ಚುಕಡಿಮೆ ಆಗಬಹುದು. ನಿನ್ನ ವಯಸ್ಸಿನವರಲ್ಲಿ ಮೊದಮೊದಲು ಚಡಪಡಿಕೆ ಜಾಸ್ತಿಯಾಗಿ, ಕೆಲವರಿಗೆ ಸಾಯುವ ಯೋಚನೆಯೂ ಬರುವುದುಂಟು. ಹಾಗೇನಾದರೂ ಅನ್ನಿಸಿದರೆ ಆ ಕ್ಷಣವೇ ಡಾಕ್ಟರಿಗೆ ಹೇಳಬೇಕು, ನನಗೂ ಹೇಳಬೇಕು, ರಾತ್ರಿ ಎಷ್ಟೇ ಹೊತ್ತಾಗಿರಲಿ. ಸ್ವಲ್ಪ ಆರಾಮಾಯಿತು ಅಂತ ನೀನೇ ಮಾತ್ರೆ ನಿಲ್ಲಿಸಬಾರದು. ಗುಣ ಕಂಡ ಮೇಲೂ ತಿಂಗಳುಗಟ್ಟಲೆ ಮುಂದುವರಿಸಿ, ನಿಧಾನಕ್ಕೆ ಇಳಿಸುತ್ತಾರೆ.

ಸ್ನೇಹಿತ ಸೆಮಿನಾರಿಗೆ ಮುಂಚೆ ತಗೋ ಅಂತ ಪ್ರೊಪ್ರನೊಲಾಲ್ ಕೊಟ್ಟ ಅಂದಿದ್ದೀಯ. ಅದನ್ನು ಮುಟ್ಟಬೇಡ ಅಪ್ಪಿ. ಎದೆಬಡಿತ ಇಳಿಸುವ ಮಾತ್ರೆ ಅದು. ನಿನಗೆ ಚಿಕ್ಕಂದಿನಿಂದ ಉಬ್ಬಸ ಇದೆ, ಉಬ್ಬಸ ಇರುವವರು ಅದನ್ನು ತಗೊಂಡರೆ ಉಸಿರೇ ಕಟ್ಟಬಹುದು. ಆಲ್ಪ್ರಜೋಲಾಮ್ ಥರದ, ಆತಂಕ ಇಳಿಸುವ ಮಾತ್ರೆಯನ್ನೂ ಯಾರೇ ಕೊಟ್ಟರೂ ತಗೋಬೇಡ, ಅದು ಬೇಗ ಚಟವಾಗುತ್ತೆ. ಎರಡು ಪೆಗ್ ಹಾಕಿದರೆ ಮಾತು ಬರುತ್ತೆ ಅನ್ನುವ ಗೆಳೆಯರೂ ಇರುತ್ತಾರೆ. ಅಮಲು ಇಳಿದ ಮೇಲೆ ಭಯ ಇನ್ನೂ ಜೋರಾಗಿ ವಾಪಸ್ ಬರುತ್ತೆ. ಹಾಗೆ ಶುರುವಾಗಿ ಕುಡಿತಕ್ಕೇ ಸಿಕ್ಕಿಬಿದ್ದವರನ್ನು ವಾರ್ಡಿನಲ್ಲಿ ನೋಡಿಕೊಂಡಿದ್ದೇನೆ.

ಎಲ್ಲಿಗೆ ಹೋಗುವುದು ಅನ್ನುವುದಕ್ಕೆ ದೂರ ಯೋಚಿಸಬೇಕಾಗಿಲ್ಲ. ಇಲ್ಲೇ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗ ಇದೆ. ಥೈರಾಯ್ಡ್ ಹೆಚ್ಚಾದರೂ ಎದೆ ಹೊಡೆದುಕೊಂಡು ಕೈ ನಡುಗುತ್ತೆ, ಅದಕ್ಕೆ ಅವರು ರಕ್ತ ಪರೀಕ್ಷೆ ಬರೆದರೆ ಗಾಬರಿಯಾಗಬೇಡ. ಹೋಗುವ ತನಕ ಮನಸ್ಸು ತಡೆಯದಿದ್ದರೆ 14416ಕ್ಕೆ ಫೋನ್ ಮಾಡು. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರು ಮಾಡಿದ ಟೆಲಿ-ಮಾನಸ್ ಅದು. ದುಡ್ಡು ಕೊಡಬೇಕಾಗಿಲ್ಲ, ಹಗಲು ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡುತ್ತಾರೆ. ನಿನಗೆ ಫೋನೇ ಭಯ ಅಂತ ಗೊತ್ತು. ಆ ಕಡೆಯವರು ತಡವರಿಸುವ ಮಾತು ಕೇಳಲೆಂದೇ ಕೂತಿರುವವರು. ಸುಮ್ಮನೆ ಉಸಿರು ಬಿಡುತ್ತಾ ಕೂತರೂ ಬೈಯುವುದಿಲ್ಲ.

ಊರಿಗೆ ಗೊತ್ತಾದರೆ, ನಾಳೆ ಮದುವೆಗೆ ತೊಂದರೆಯಾದರೆ ಅಂತ ನಿನ್ನಮ್ಮನಿಗೆ ಚಿಂತೆ. ಚಿಕಿತ್ಸೆಯ ವಿಷಯ ಗುಟ್ಟಾಗಿಡಬೇಕು ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆಯೇ ಹೇಳುತ್ತೆ. ಅವಳ ಹತ್ತಿರ ನಾನು ಮಾತಾಡುತ್ತೇನೆ. ಇನ್ನೊಂದನ್ನೂ ಅವಳಿಗೆ ಹೇಳುತ್ತೇನೆ: ಹೋಟೆಲಿನಲ್ಲಿ ನಿನ್ನ ಪರವಾಗಿ ತಿಂಡಿ ಹೇಳುವುದು, ನಿನ್ನ ಫೋನು ತಾನು ಎತ್ತುವುದು ಇನ್ನು ಸಾಕು. ಪ್ರೀತಿಯಿಂದಲೇ ಮಾಡುತ್ತಾಳೆ, ಆದರೆ ಅದರಿಂದ ನಿನ್ನ ಬಾಯಿ ಇನ್ನೂ ಕಟ್ಟುತ್ತೆ.

ವಾಚಾಳಿ ಆಗು ಅಂತ ನಾನು ಹೇಳುತ್ತಿಲ್ಲ. ನಮ್ಮ ಮನೆತನದಲ್ಲೇ ಮಾತು ಕಡಿಮೆ. ನಿನಗೆ ಮಾತು ಬೇಡ ಅನ್ನಿಸಿ ಸುಮ್ಮನಿದ್ದರೆ ನನಗೆ ಸಂತೋಷವೇ. ಹೇಳಬೇಕಾದ್ದು ಗಂಟಲಲ್ಲೇ ಸಿಕ್ಕಿಕೊಂಡು ಸುಮ್ಮನಿರುವುದು ಮಾತ್ರ ಬೇಡ. ನಿನ್ನ ಇಂಟರ್ನಲ್ ಮಾರ್ಕ್ಸ್, ಮುಂದಿನ ಇಂಟರ್‌ವ್ಯೂ, ಎಲ್ಲ ಅದಕ್ಕೆ ಬಲಿಯಾಗಬಾರದು.

ವೈಶಾಖದಲ್ಲಿ ನಿನ್ನ ಅಕ್ಕನ ಮದುವೆ ಇದೆಯಲ್ಲ. ಬಡಿಸಲು ನಿಲ್ಲು. ಮೊದಲು ಉಪ್ಪು ಹಾಕುತ್ತಾ ಹೋಗು. ಎಲೆಯ ತುದಿಗೆ ಚಿಟಿಕೆ ಹಾಕಿ ಮುಂದೆ ಹೋಗುವುದು, ಯಾರೂ ತಲೆ ಎತ್ತಿ ನೋಡುವುದಿಲ್ಲ. ಎರಡನೇ ಪಂಕ್ತಿಗೆ ಉಪ್ಪಿನಕಾಯಿ ಹಿಡಿ. ಆಮೇಲೆ ಅನ್ನ. ಬೇಕಾ, ಸಾಕಾ ಅಂತ ಕೇಳಲೇಬೇಕಾಗುತ್ತೆ ಆಗ. ನಮ್ಮ ಕಡೆ ಹುಡುಗರೆಲ್ಲ ಬಡಿಸಲು ಕಲಿತದ್ದೇ ಈ ಕ್ರಮದಲ್ಲಿ. ಸೈಕಾಲಜಿಸ್ಟ್ ಹೇಳುವ ಮೆಟ್ಟಿಲೂ ಹೆಚ್ಚುಕಡಿಮೆ ಇಂಥದ್ದೇ. ಕೈ ನಡುಗಿ ನಾಲ್ಕು ಅಗುಳು ನೆಲಕ್ಕೆ ಬಿದ್ದರೆ ಬೀಳಲಿ.

ಸದ್ಯಕ್ಕೆ ಒಂದು ಕೆಲಸ ಮಾಡು. ನನಗೆ ಬರೆದ ಮೆಸೇಜನ್ನು ಹಾಗೇ ಒಂದು ಹಾಳೆಗೆ ಇಳಿಸು. ಡಾಕ್ಟರ ಮುಂದೆ ಬಾಯಿ ಕಟ್ಟಿದರೆ ಅದನ್ನು ಅವರ ಕೈಗೆ ಕೊಡು. ಸೋಮವಾರ ಬೆಳಿಗ್ಗೆ ಬೇಗ ಮನೆಗೆ ಬಾ, ತಿಂಡಿ ತಿಂದು ಇಬ್ಬರೂ ಹೋಗೋಣ. ಚೀಟಿ ಮಾಡಿಸುವ ಕೌಂಟರಿನಲ್ಲಿ ಹೆಸರು, ವಯಸ್ಸು ನೀನೇ ಹೇಳಬೇಕು. ನಾನು ಪಕ್ಕದಲ್ಲಿ ನಿಂತಿರುತ್ತೇನೆ, ಬಾಯಿ ಹಾಕುವುದಿಲ್ಲ. ಡಾಕ್ಟರ ಕೋಣೆಗೆ ನಾನು ಬರಬೇಕೋ ಬೇಡವೋ ಅನ್ನುವುದು ನಿನಗೆ ಬಿಟ್ಟದ್ದು. ಕೊಡೆ ತರುವುದು ಮರೆಯಬೇಡ, ಇಲ್ಲಿ ಸಂಜೆಯಾದರೆ ಮಳೆ ಹೊಯ್ಯುತ್ತಿದೆ.

ಇಂತಿ ನಿನ್ನ
ದೊಡ್ಡಮ್ಮ