ಪ್ರೊಫೆಸರ್ ಆದ ಮೇಲೂ ಟ್ರೈನಿಂಗಾ?

ಓಹಾಯೋ
ನವೆಂಬರ್ ಕೊನೆಯ ವಾರ

ಪ್ರೀತಿಯ ಅಕ್ಕನಿಗೆ,

ನಾನು ಕ್ಷೇಮ. ಅಪ್ಪ ಅಮ್ಮನಿಗೆ, ಭಾವನವರಿಗೆ ನನ್ನ ನಮಸ್ಕಾರ ತಿಳಿಸು. ಇಲ್ಲಿ ಥ್ಯಾಂಕ್ಸ್‌ಗಿವಿಂಗ್ ರಜೆ. ಯೂನಿವರ್ಸಿಟಿ ಖಾಲಿ ಹೊಡೆಯುತ್ತಿದೆ. ಫೋನಿನಲ್ಲಿ ಅರ್ಧಕ್ಕೆ ನಿಂತ ಮಾತನ್ನು ಸಾವಕಾಶವಾಗಿ ಬರೆಯೋಣ ಅಂತ ಕೂತೆ.

ಪ್ರೊಫೆಸರ್ ಆದ ಮೇಲೂ ಅದೇನು ಟ್ರೈನಿಂಗು ಅಂತ ಅಮ್ಮ ಕೇಳಿದಳಲ್ಲ. ಉತ್ತರ ಅವಳಿಗಿಂತ ನಿನಗೆ ಚೆನ್ನಾಗಿ ಅರ್ಥವಾಗುತ್ತೆ. ನೀನು ಶಿಡ್ಲಘಟ್ಟದ ಹೈಸ್ಕೂಲಿನಲ್ಲಿ ಗಣಿತ ಹೇಳುವ ಮೊದಲು ಬಿ.ಎಡ್. ಮಾಡಿದೆ. ರಾತ್ರಿಯೆಲ್ಲ ಕೂತು ಪಾಠಯೋಜನೆ ಬರೆದೆ. ಯಾರೋ ಹಿಂದಿನ ಬೆಂಚಿನಲ್ಲಿ ಕೂತು ನಿನ್ನ ಪಾಠ ನೋಡಿ ಅಂಕ ಕೊಟ್ಟರು. ಇಲ್ಲಿ ಅಮೆರಿಕದಲ್ಲಿ ತಾಳವಾದ್ಯದ ಪ್ರೊಫೆಸರ್ ಆಗಿ ಸೇರುವಾಗ ನನಗೆ ಅದ್ಯಾವುದೂ ಇರಲಿಲ್ಲ. ಡಾಕ್ಟರೇಟ್ ಇದೆಯಾ ಅಂತ ನೋಡಿದರು. ನುಡಿಸೋದು ಕೇಳಿದರು. ಒಂದು ಪಾಠ ಮಾಡಿಸಿದರು. ಕೆಲಸ ಕೊಟ್ಟರು. ಇಷ್ಟು ವರ್ಷ ಕಲಿತದ್ದು ನುಡಿಸೋದನ್ನ. ಸಂಬಳ ಬರೋದು ಹೇಳಿಕೊಡೋದಕ್ಕೆ.

ಭಾವನವರು ಕಾಲೇಜಿನಿಂದ ರಿಫ್ರೆಶರ್ ಕೋರ್ಸಿಗೆ ಹೋಗುತ್ತಾರಲ್ಲ, ಬಡ್ತಿಗೆ ಸರ್ಟಿಫಿಕೇಟ್ ಬೇಕು ಅಂತ. ನನಗೆ ಅಂಥ ಕಡ್ಡಾಯ ಏನೂ ಇಲ್ಲ. ಕಲಿಯೋದಿದ್ದರೆ ನಾನೇ ಹುಡುಕಿಕೊಂಡು ಹೋಗಬೇಕು. ಆದರೆ ಲೆಕ್ಕ ಮಾತ್ರ ಒಪ್ಪಿಸಲೇಬೇಕು. ಕೆಲಸ ಕಾಯಂ ಆಗೋದಕ್ಕೆ ಇಲ್ಲಿ ಟೆನ್ಯೂರ್ ಅಂತಾರೆ. ಸಾಮಾನ್ಯವಾಗಿ ಆರನೇ ವರ್ಷ ಒಂದು ದಪ್ಪ ಫೈಲ್ ಕೊಡಬೇಕು. ಪಾಠ ಹೇಗೆ ಹೇಳಿದೆ, ಎಲ್ಲೆಲ್ಲಿ ಸಂಗೀತ ಕಛೇರಿ ಮಾಡಿದೆ, ವಿಭಾಗದ ಕೆಲಸಕ್ಕೆ ಎಷ್ಟು ಹೆಗಲು ಕೊಟ್ಟೆ, ಎಲ್ಲ ಅದರಲ್ಲಿರಬೇಕು. ಬೇರೆ ಯೂನಿವರ್ಸಿಟಿಯ ಹಿರಿಯರಿಗೂ ಕಳಿಸಿ ಅಭಿಪ್ರಾಯ ತರಿಸುತ್ತಾರೆ. ಒಪ್ಪಿದರೆ ಕಾಯಂ. ಒಪ್ಪದಿದ್ದರೆ ಬೇರೆ ಕಡೆ ನೋಡಿಕೊಳ್ಳಬೇಕು. ಇದನ್ನು ಅಮ್ಮನಿಗೆ ಹೇಳಬೇಡ. ಸರ್ಕಾರಿ ನೌಕರಿ ಇದ್ದ ಹಾಗೆ ಅಂದುಕೊಂಡಿದ್ದಾಳೆ. ಇರಲಿ ಬಿಡು.

ನಮ್ಮಲ್ಲಿ ಮೃದಂಗದವರು ಮೃದಂಗ ಹೇಳಿಕೊಡುತ್ತಾರೆ, ಘಟದವರು ಘಟ. ಇಲ್ಲಿ ತಾಳವಾದ್ಯದ ಮೇಷ್ಟ್ರು ಅಂದರೆ ಎಲ್ಲಕ್ಕೂ ಒಬ್ಬರೇ. ಬ್ಯಾಂಡಿನ ಚಿಕ್ಕ ಡ್ರಮ್ಮಾದ ಸ್ನೇರ್ ಡ್ರಮ್, ಬಟ್ಟಲಿನಾಕಾರದ ದೊಡ್ಡ ಟಿಂಪನಿ, ಮರದ ಪಟ್ಟಿಗಳ ಮರಿಂಬಾ, ಡ್ರಮ್ ಸೆಟ್, ಕೆಲವು ಕಡೆ ಟ್ರಿನಿಡಾಡಿನ ಸ್ಟೀಲ್‌ಪ್ಯಾನ್ ಕೂಡ. ಮರಿಂಬಾಗೆ ಕೈಗೆ ಎರಡರಂತೆ ನಾಲ್ಕು ಕೋಲು. ಟಿಂಪನಿಗೆ ಕಾಲಲ್ಲಿ ಪೆಡಲ್ ಒತ್ತಿ ಶ್ರುತಿ ಬದಲಿಸಬೇಕು. ಅದಕ್ಕೆ ಹೆಚ್ಚಾಗಿ ಪ್ಲಾಸ್ಟಿಕ್ ಹೊದಿಕೆ, ಹಾಗಾಗಿ ತಮಟೆಯ ಹಾಗೆ ಬೆಂಕಿಗೆ ಕಾಯಿಸುವ ಕೆಲಸ ಇಲ್ಲ. ಇಷ್ಟೂ ಸಾಮಾನಿನ ರಿಪೇರಿ, ಬಜೆಟ್, ಬೀಗದ ಕೈ, ಕಛೇರಿ ಇದ್ದಾಗ ಲಾರಿಗೆ ಹೇರಿಸೋದು, ಅದೂ ನನ್ನ ತಲೆಗೇ. ಪಿಯಾನೋ ಮೇಷ್ಟ್ರಿಗೆ ಈ ಕಷ್ಟ ಇಲ್ಲ ನೋಡು. ಬಂದು ಕೂತು ಮುಚ್ಚಳ ತೆಗೆದರೆ ಆಯಿತು.

ಈ ಓದು ಕೂಡ ತೀರಾ ಹಳೆಯದೇನಲ್ಲ. 1950ರಲ್ಲಿ ಇಲಿನಾಯ್ ಯೂನಿವರ್ಸಿಟಿಯಲ್ಲಿ ಪಾಲ್ ಪ್ರೈಸ್ ಅನ್ನುವವರು ತಾಳವಾದ್ಯ ವೃಂದವನ್ನು ಪದವಿಯ ಲೆಕ್ಕಕ್ಕೆ ಬರುವ ಕೋರ್ಸ್ ಮಾಡಿದರು. ಅಲ್ಲಿಯವರೆಗೆ ಡ್ರಮ್ಮಿನವರು ಆರ್ಕೆಸ್ಟ್ರಾದ ಹಿಂದಿನ ಸಾಲಿನಲ್ಲಿ ಕೂತು ಎಣಿಸುತ್ತಾ ಕಾಯುವವರು, ಅಷ್ಟೆ.

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ಕ್ಲಾಸನ್ನು ಇಲ್ಲಿನ ಹೊಸ ಮೇಷ್ಟ್ರುಗಳು ಕೀಳಾಗಿ ನೋಡುತ್ತಾರೆ. ಮುಂದೆ ಶಾಲೆಯಲ್ಲಿ ಸಂಗೀತ ಹೇಳಿಕೊಡುವವರಿಗೆ ಒಂದು ತಾಳವಾದ್ಯದ ಕ್ಲಾಸ್ ಇರುತ್ತೆ. ಪಿಟೀಲಿನವರು, ಕೊಳಲಿನವರು, ಹಾಡುವವರು ಬಂದು ಕೂರುತ್ತಾರೆ. ಒಂದೇ ಸೆಮಿಸ್ಟರ್. ಅಷ್ಟರಲ್ಲಿ ಯಾರೂ ಡ್ರಮ್ಮರ್ ಆಗೋದಿಲ್ಲ, ಆಗಲೂ ಬೇಕಿಲ್ಲ. ಮುಂದೆ ಅವರ ಶಾಲೆಯ ಬ್ಯಾಂಡಿನಲ್ಲಿ ಮಗುವೊಂದು ಕೋಲನ್ನು ಬಿಗಿಯಾಗಿ ಹಿಡಿದಿದ್ದರೆ ಅದು ಕಣ್ಣಿಗೆ ಬೀಳಬೇಕು, ಬಿಡಿಸಲು ಗೊತ್ತಿರಬೇಕು. ಅವರು ಸರಿಯಾಗಿ ಹೇಳಿಕೊಟ್ಟ ಮಕ್ಕಳೇ ಐದಾರು ವರ್ಷದ ಮೇಲೆ ನಮ್ಮಂಥವರ ಬಾಗಿಲಿಗೆ ಬರೋದು. ಡಾಕ್ಟರೇಟ್ ಓದುವಾಗ ಕಷ್ಟದ ಮರಿಂಬಾ ಕೃತಿಗಳನ್ನೆಲ್ಲ ನುಡಿಸಿದೆ. ಹಾಡುವ ಹುಡುಗಿಯೊಬ್ಬಳಿಗೆ ಸ್ನೇರ್ ಡ್ರಮ್ಮಿನ ಉರುಳಿಕೆಯನ್ನು, ಅಂದರೆ ಸದ್ದು ಕಡಿಯದ ಹಾಗೆ ಬೇಗ ಬೇಗ ಬಾರಿಸೋದನ್ನು, ಎರಡು ವಾರದಲ್ಲಿ ಹೇಗೆ ಅರ್ಥ ಮಾಡಿಸಬೇಕು ಅಂತ ಯಾರೂ ಹೇಳಿರಲಿಲ್ಲ. ಇದನ್ನು ಹೇಳಿಕೊಟ್ಟದ್ದು ಇದೇ ಊರಿನ ಸ್ಕೂಲ್ ಬ್ಯಾಂಡಿನ ಮೇಷ್ಟ್ರು. ಅವರ ಕ್ಲಾಸಿನಲ್ಲಿ ಹೋಗಿ ಕೂತು ನೋಡಿದೆ.

ಇನ್ನೊಬ್ಬರು ನಮ್ಮ ವಿಭಾಗದಲ್ಲೇ ಟ್ರಂಪೆಟ್ ಹೇಳಿಕೊಡುವ ಹಿರಿಯರು. ನನ್ನ ಪಾಠಕ್ಕೆ ಬಂದು ನೋಡಿ ಅಂತ ನಾನೇ ಕರೆದೆ. ಬೇರೆ ವಾದ್ಯದವರು ಅಂತಲೇ ಕರೆದದ್ದು. ತಾಳವಾದ್ಯದವರಾದರೆ ಕೋಲು, ಮಣಿಕಟ್ಟು ಅಂತ ಅಲ್ಲೇ ಸುತ್ತುತ್ತಾರೆ. ಇವರು ಮೂಲೆಯಲ್ಲಿ ಕೂತು ಗಡಿಯಾರ ನೋಡುತ್ತಿದ್ದರು. ನಾನು ಎಷ್ಟು ಹೊತ್ತು ಮಾತಾಡಿದೆ, ಹುಡುಗ ಎಷ್ಟು ಹೊತ್ತು ನುಡಿಸಿದ, ಅದನ್ನು ಬರೆದುಕೊಂಡು ಚೀಟಿ ಕೈಗಿಟ್ಟರು. ಆಮೇಲೆ ಕೇಳಿದರು: ಈ ಹುಡುಗ ನಾಳೆ ಬೆಳಗ್ಗೆ ಒಬ್ಬನೇ ರೂಮಿಗೆ ಹೋದಾಗ ಮೊದಲು ಏನು ಮಾಡುತ್ತಾನೆ?

ಆ ಪ್ರಶ್ನೆ ನನಗೆ ತುಂಬಾ ಹಿಡಿಸಿತು, ಅಕ್ಕ. ಚಿಂತಾಮಣಿಯಲ್ಲಿ ನಮ್ಮ ಮೇಷ್ಟ್ರು ಎದುರಿಗೆ ಕೂರಿಸಿಕೊಂಡು ತ ಧಿ ತೊಂ ನಂ ಶುರು ಮಾಡಿಸುತ್ತಿದ್ದರು. ಎಲ್ಲಾದರೂ ಜಾರಿದರೆ ಅವರ ತೊಡೆ ಮೇಲಿನ ತಾಳ ನಿಂತುಬಿಡುತ್ತಿತ್ತು. ಪಾಠವೂ ಅಲ್ಲೇ, ಅಭ್ಯಾಸವೂ ಅಲ್ಲೇ. ಇಲ್ಲಿ ವಿದ್ಯಾರ್ಥಿ ವಾರಕ್ಕೆ ಒಂದು ಗಂಟೆ ನನ್ನ ಮುಂದೆ ಇರುತ್ತಾನೆ. ಮಿಕ್ಕ ದಿನ ಒಬ್ಬನೇ. ಅಂದಮೇಲೆ ಒಬ್ಬನೇ ಅಭ್ಯಾಸ ಮಾಡೋದನ್ನೇ ಹೇಳಿಕೊಡಬೇಕು ಅಲ್ವಾ? ಈಗ ಪಾಠದ ಕೊನೆಯ ಹತ್ತು ನಿಮಿಷ ನಾನು ಬಾಯಿ ತೆರೆಯೋದಿಲ್ಲ. ಈ ವಾರ ಯಾವ ಸಾಲು, ಯಾವ ಕಾಲದಲ್ಲಿ, ಏನು ಸರಿಹೋಗಬೇಕು ಅಂತ ಅವರೇ ಹೇಳಬೇಕು. ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿಕೊಳ್ಳಬೇಕು.

ಈ ತಿಂಗಳು ಇಂಡಿಯಾನಾಪೊಲಿಸ್‌ಗೂ ಹೋಗಿದ್ದೆ. ಪರ್ಕಸಿವ್ ಆರ್ಟ್ಸ್ ಸೊಸೈಟಿ ಅಂತ 1961ರಲ್ಲಿ ಶುರುವಾದ ತಾಳವಾದ್ಯದವರ ಸಂಘ, ಅದರ ಸಮ್ಮೇಳನ. ಒಂದು ಹಾಲ್ ತುಂಬಾ ಅಂಗಡಿಗಳು. ಬಂದವರೆಲ್ಲ ಒಟ್ಟಿಗೆ ಬಾರಿಸಿ ನೋಡುತ್ತಿರುತ್ತಾರೆ. ಆ ಗದ್ದಲ ಕೈವಾರದ ಜಾತ್ರೆಯನ್ನೂ ಮೀರಿಸುತ್ತೆ. ರಾತ್ರಿಯ ಕಛೇರಿಗಳು ಜೋರಾಗಿದ್ದವು. ಆದರೆ ನನಗೆ ಉಪಯೋಗಕ್ಕೆ ಬಂದದ್ದು ಕಾಫಿ ಸಾಲಿನ ಮಾತು. ನನ್ನ ಹಾಗೇ ಹೊಸದಾಗಿ ಸೇರಿದವರು ಸಿಕ್ಕರು. ಯಾವ ಕಮಿಟಿಗೆ ಒಪ್ಪಬೇಕು, ಯಾವುದಕ್ಕೆ ಆಗೋಲ್ಲ ಅನ್ನಬೇಕು, ಫೈಲಿಗೆ ಕಾಗದಗಳನ್ನು ಮೊದಲ ವರ್ಷದಿಂದಲೇ ಹೇಗೆ ಎತ್ತಿಡಬೇಕು, ಇಂಥವು ವೇದಿಕೆ ಮೇಲೆ ಯಾರೂ ಹೇಳೋದಿಲ್ಲ.

ಕಿವಿಯ ವಿಚಾರ ಮಾತ್ರ ನಿನ್ನ ಮಗನಿಗೆ ಓದಿ ಹೇಳು. ಗಣೇಶನ ಮೆರವಣಿಗೆಯಲ್ಲಿ ಡ್ರಮ್ ಬಾರಿಸುತ್ತಾನಲ್ಲ. ಇಲ್ಲಿನ ಸರ್ಕಾರಿ ಸಂಶೋಧನಾ ಸಂಸ್ಥೆಯೊಂದು ಹಾಕಿದ ಲೆಕ್ಕ ಇದು. 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು. 3 ಡೆಸಿಬೆಲ್ ಹೆಚ್ಚಾದಾಗಲೆಲ್ಲ ಹೊತ್ತು ಅರ್ಧ ಕಡಿಮೆ ಮಾಡಬೇಕು. ಅಂದರೆ 100 ಡೆಸಿಬೆಲ್‌ಗೆ ಬರೀ 15 ನಿಮಿಷ. ಚಿಕ್ಕ ರೂಮಿನಲ್ಲಿ ಸ್ನೇರ್ ಡ್ರಮ್ ಸುಲಭವಾಗಿ ಅಲ್ಲಿಗೆ ಮುಟ್ಟುತ್ತೆ. ವಿದ್ಯಾರ್ಥಿ ಒಂದು ಗಂಟೆ ಬಂದು ಹೋಗುತ್ತಾನೆ, ಮೇಷ್ಟ್ರು ದಿನವೆಲ್ಲ ಅಲ್ಲೇ. ಹೋದ ಕಿವಿ ವಾಪಸ್ ಬರೋದಿಲ್ಲ. ಇಯರ್‌ಪ್ಲಗ್ ಇಲ್ಲದೆ ನಾನು ಪಾಠ ಮಾಡೋದಿಲ್ಲ. ಅವನಿಗೂ ಒಂದು ಜೊತೆ ತರುತ್ತೇನೆ. ಅಲ್ಲಿಯವರೆಗೆ ಮೆಡಿಕಲ್ ಸ್ಟೋರಿನಲ್ಲಿ ಸಿಗುವ ಫೋಮಿನದಾದರೂ ಹಾಕಿಕೊಳ್ಳಲಿ.

ನಮ್ಮ ಸಂಗೀತಕ್ಕೆ ಇಲ್ಲಿ ಬೆಲೆ ಇದೆ. 1960ರ ದಶಕದಲ್ಲೇ ಟಿ. ರಂಗನಾಥನ್ ಕನೆಕ್ಟಿಕಟ್‌ನ ವೆಸ್ಲಿಯನ್ ಯೂನಿವರ್ಸಿಟಿಯಲ್ಲಿ ಮೃದಂಗ ಹೇಳಿಕೊಟ್ಟರು. ನಾನೂ ಕೊನ್ನಕ್ಕೋಲ್, ಅಂದರೆ ತಾಳದ ಸೊಲ್ಲುಗಳನ್ನು ಬಾಯಲ್ಲಿ ಹೇಳೋದು, ಹೇಳಿಸುತ್ತೇನೆ. ತಕಿಟ ತಕಧಿಮಿ ಅಂತ ಬಾಯಲ್ಲಿ ಬಂದರೆ ಏಳರ ಲೆಕ್ಕ ಕೈಗೆ ಬೇಗ ಕೂರುತ್ತೆ. ಆದರೆ ಇಂಡಿಯಾದ ಮೇಷ್ಟ್ರು ಅಂದರೆ ಅದಷ್ಟೇ ಅನ್ನುವ ಹಾಗಾಗಬಾರದು. ಟಿಂಪನಿಗೂ ನನ್ನನ್ನೇ ಕೇಳಬೇಕು ಅನ್ನೋದು ನನ್ನ ಹಟ.

ಭಾವನವರು ಹಳೆಯ ಖಂಜಿರ ಪಾರ್ಸೆಲ್ ಮಾಡುತ್ತೇನೆ ಅಂದರಂತೆ. ದಯವಿಟ್ಟು ಬೇಡ ಅನ್ನು. ಅದಕ್ಕೆ ಹಾಕಿರೋದು ಉಡದ ಚರ್ಮ. ಉಡ 1972ರ ವನ್ಯಜೀವಿ ಕಾಯ್ದೆಯಲ್ಲಿ ರಕ್ಷಣೆ ಇರುವ ಪ್ರಾಣಿ. ಕಸ್ಟಮ್ಸ್‌ನಲ್ಲಿ ಸಿಕ್ಕಿಬಿದ್ದರೆ ಅವರಿಗೂ ತೊಂದರೆ, ನನಗೂ ತೊಂದರೆ.

ಅದರ ಬದಲು ಒಂದು ಉಪಕಾರ ಮಾಡಲಿ. ನಮ್ಮ ಜಿಲ್ಲೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ ತಮಟೆಗೆ 2023ರಲ್ಲಿ ಪದ್ಮಶ್ರೀ ಬಂತಲ್ಲ, ಅದನ್ನು ಹೇಳಿದಾಗಿನಿಂದ ಇಲ್ಲಿನ ನನ್ನ ಹುಡುಗರು ತಮಟೆ ತೋರಿಸಿ ಅಂತ ಹಿಂದೆ ಬಿದ್ದಿದ್ದಾರೆ. ಮುಂದಿನ ಊರಹಬ್ಬದಲ್ಲಿ ತಮಟೆಯವರನ್ನು ಕೇಳಿ, ಅವರು ಒಪ್ಪಿದರೆ, ವಿಡಿಯೋ ಮಾಡಿ ಕಳಿಸಲಿ. ದುಡ್ಡು ಎಷ್ಟು ಕೊಡಬೇಕು ಅಂತ ಮೊದಲೇ ಮಾತಾಡಲಿ, ನಾನು ಹಾಕುತ್ತೇನೆ. ಕುಣಿತ ಆಮೇಲೆ. ಮೊದಲು ಎರಡೂ ಕೈ, ಎರಡೂ ಕಡ್ಡಿ ಹತ್ತಿರದಿಂದ ಕಾಣಬೇಕು. ಬೆಂಕಿಗೆ ಕಾಯಿಸೋದನ್ನೂ ಬಿಡದೆ ತೆಗೆಯಲಿ.

ನಿನ್ನ ತಮ್ಮ