ಬೆರಳಿನ ಗೆಣ್ಣಿಗೆ 15 ದಿನ ಸಾಲದು: ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ,

ನಮಸ್ಕಾರ.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ನಿಯಮಗಳು ತಮಗೆ ಗೊತ್ತೇ ಇವೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ (ಒಂದೊಂದು ಚಿಕಿತ್ಸೆಗೆ ಯೋಜನೆ ನಿಗದಿ ಮಾಡಿದ ಒಟ್ಟು ಮೊತ್ತದ) ಶೇ 30, ದೊಡ್ಡ ಶಸ್ತ್ರಚಿಕಿತ್ಸೆಗೆ ಮೊದಲೇ ಪೂರ್ವಾನುಮತಿ. ಆಸ್ಪತ್ರೆಗೆ ಸೇರುವ ಮುಂಚಿನ 3 ದಿನ ಮತ್ತು ಬಿಡುಗಡೆಯಾದ ನಂತರದ 15 ದಿನಗಳ ಔಷಧ, ತಪಾಸಣೆ ಆ ಪ್ಯಾಕೇಜಿನಲ್ಲೇ ಸೇರಿರುತ್ತದೆ. ನಾವು ಈ ಪತ್ರ ಬರೆಯುತ್ತಿರುವುದು ಕೊನೆಯ ಆ 15 ದಿನಗಳ ಬಗ್ಗೆ. ಕೈ ಶಸ್ತ್ರಚಿಕಿತ್ಸೆ ಮತ್ತು ಕೈಯ ಥೆರಪಿ ಮಾಡುವ ನಾವು ಇದೇ ಮಾತನ್ನು ಮನವಿಗಳಲ್ಲಿ, ಸಭೆಗಳಲ್ಲಿ ಹೇಳುತ್ತಲೇ ಬಂದಿದ್ದೇವೆ. ಪರಿಶೀಲಿಸುತ್ತೇವೆ ಎಂಬ ಉತ್ತರ ಪ್ರತಿ ಸಲವೂ ಸಿಕ್ಕಿದೆ. ಅದಕ್ಕೇ ಈಗ ಎಲ್ಲರೂ ಓದುವಂತೆ ಬರೆಯುತ್ತಿದ್ದೇವೆ.

ನಮ್ಮ ಬೇಡಿಕೆ ಇಷ್ಟೇ: ಬೆರಳಿನ ಗೆಣ್ಣು ಅಥವಾ ಮಣಿಕಟ್ಟಿನ ಕೀಲು ಬದಲಿಸಿದ ರೋಗಿಗೆ ಬಿಡುಗಡೆಯ ನಂತರ 12 ವಾರಗಳ ಥೆರಪಿಯನ್ನು ಪ್ಯಾಕೇಜಿನೊಳಗೆ ತನ್ನಿ, ಕೈ ಬೆರಳುಗಳನ್ನು ಸರಿಯಾದ ಭಂಗಿಯಲ್ಲಿ ಹಿಡಿದಿಡುವ ಸ್ಪ್ಲಿಂಟ್‌ಗೆ ಪ್ರತ್ಯೇಕ ದರ ನಿಗದಿ ಮಾಡಿ.

ಇದು ಏಕೆ ಬೇಕು ಎಂಬುದು ಕೀಲಿನೊಳಗೆ ಏನು ನಡೆಯುತ್ತದೆ ಎಂದು ಗೊತ್ತಾದರೆ ತಾನಾಗಿಯೇ ಅರ್ಥವಾಗುತ್ತದೆ. ರುಮಟಾಯ್ಡ್ ಸಂಧಿವಾತದಲ್ಲಿ ಬೆರಳ ಬುಡದ ಗೆಣ್ಣಿನ ಒಳಪೊರೆ ಊದಿಕೊಂಡು ಮೃದ್ವಸ್ಥಿಯನ್ನೂ ಅಕ್ಕಪಕ್ಕದ ಅಸ್ಥಿರಜ್ಜುಗಳನ್ನೂ ತಿನ್ನುತ್ತಾ ಹೋಗುತ್ತದೆ. ಬೆರಳನ್ನು ನೆಟ್ಟಗೆ ಎತ್ತುವ ಸ್ನಾಯುರಜ್ಜು ಗೆಣ್ಣಿನ ನೆತ್ತಿಯಿಂದ ಜಾರಿ ಎರಡು ಗೆಣ್ಣುಗಳ ನಡುವಿನ ತಗ್ಗಿಗೆ ಬೀಳುತ್ತದೆ. ಆಮೇಲೆ ನಾಲ್ಕೂ ಬೆರಳು ಕಿರುಬೆರಳಿನ ಕಡೆಗೆ ವಾಲುತ್ತವೆ, ಕೆಳಗೆ ಕುಸಿಯುತ್ತವೆ, ತಾವಾಗಿ ಬಿಚ್ಚಿಕೊಳ್ಳುವುದಿಲ್ಲ. ರೊಟ್ಟಿ ತಟ್ಟುವುದು, ಬೀಡಿ ಕಟ್ಟುವುದು, ಅಡಿಕೆ ಸುಲಿಯುವುದು ಆಗ ಕನಸಿನ ಮಾತು. ಲೋಟ ಹಿಡಿಯಬೇಕಾದರೂ ಬೆರಳು ಮೊದಲು ತೆರೆದುಕೊಳ್ಳಬೇಕಲ್ಲ.

ಇಂಥ ಗೆಣ್ಣಿಗೆ ಹಾಕುವುದು ಹೆಚ್ಚಾಗಿ ಸಿಲಿಕೋನ್ ಇಂಪ್ಲಾಂಟ್. ಅಮೆರಿಕದ ಮಿಷಿಗನ್‌ನಲ್ಲಿ ಡಾ. ಆಲ್ಫ್ರೆಡ್ ಸ್ವಾನ್ಸನ್ 1960ರ ದಶಕದಲ್ಲಿ ರೂಪಿಸಿದ ವಿನ್ಯಾಸ ಇಂದಿಗೂ ಬಳಕೆಯಲ್ಲಿದೆ. ನಡುವೆ ಬಾಗುವ ಭಾಗ, ಎರಡು ಕಡೆ ಚಪ್ಪಟೆ ಕಡ್ಡಿಗಳು. ಒಂದು ಅಂಗೈ ಮೂಳೆಯೊಳಗೆ, ಇನ್ನೊಂದು ಬೆರಳ ಮೂಳೆಯೊಳಗೆ. ಶಸ್ತ್ರಚಿಕಿತ್ಸೆಯಲ್ಲಿ ಕೈಯ ಹಿಂಬದಿಯಲ್ಲಿ ಕೊಯ್ದು, ಊದಿದ ಪೊರೆ ತೆಗೆದು, ಅಂಗೈ ಮೂಳೆಯ ತುದಿಯನ್ನು ಕತ್ತರಿಸಿ, ಕಿರುಬೆರಳಿನ ಕಡೆ ಎಳೆಯುವ ಬಿಗಿ ಎಳೆಗಳನ್ನು ಬಿಡಿಸುತ್ತೇವೆ. ಮೂಳೆಯ ಕೊಳವೆಯನ್ನು ಆಯತಾಕಾರದಲ್ಲಿ ಕೊರೆಯುತ್ತೇವೆ; ದುಂಡಗೆ ಕೊರೆದರೆ ಕಡ್ಡಿ ಒಳಗೇ ತಿರುಗುತ್ತದೆ. ಅಳತೆಯ ಮಾದರಿಗಳನ್ನು ಒಂದೊಂದಾಗಿ ಹಾಕಿ ನೋಡಿ, ಸರಿಯಾಗಿ ಕೂರುವವುಗಳಲ್ಲಿ ದೊಡ್ಡದನ್ನು ಆರಿಸುತ್ತೇವೆ. ನಿಜವಾದ ಇಂಪ್ಲಾಂಟನ್ನು ಕೈಗವಸಿನಿಂದಲೂ ಮುಟ್ಟದೆ ಮೊಂಡು ಚಿಮಟದಲ್ಲೇ ಹಿಡಿಯುತ್ತೇವೆ, ಏಕೆಂದರೆ ಸಿಲಿಕೋನ್ ಬಟ್ಟೆಯ ಎಳೆ, ಪುಡಿಗಳನ್ನು ಎಳೆದುಕೊಳ್ಳುತ್ತದೆ. ಚಿಕ್ಕದೊಂದು ಗೀರು ಬಿದ್ದರೂ ಮುಂದೆ ಅಲ್ಲಿಂದಲೇ ಹರಿಯುತ್ತದೆ. ಕೊನೆಗೆ ತೋರುಬೆರಳಿನ ಹೆಬ್ಬೆರಳ ಕಡೆಯ ಅಸ್ಥಿರಜ್ಜನ್ನು ಮತ್ತೆ ಕಟ್ಟಿ, ಜಾರಿದ ಸ್ನಾಯುರಜ್ಜನ್ನು ಗೆಣ್ಣಿನ ನಡುನೆತ್ತಿಗೆ ತಂದು ಹೊಲಿಯುತ್ತೇವೆ.

ಇಷ್ಟಾದರೂ ರೋಗಿಗೆ ಕೀಲು ಸಿಕ್ಕಂತಾಗಲಿಲ್ಲ. ಈ ಸಿಲಿಕೋನ್ ತುಂಡಿಗೆ ಸಿಮೆಂಟ್ ಇಲ್ಲ, ಮೂಳೆ ಅದಕ್ಕೆ ಅಂಟಿಕೊಳ್ಳುವುದೂ ಇಲ್ಲ. ಬೆರಳು ಮಡಚಿ ಬಿಡಿಸುವಾಗ ಕಡ್ಡಿಗಳು ಕೊಳವೆಯಲ್ಲಿ ತುಸು ಹಿಂದೆ ಮುಂದೆ ಸರಿಯುತ್ತವೆ. ಅದು ದೋಷವಲ್ಲ, ವಿನ್ಯಾಸವೇ ಹಾಗೆ. ಕೀಲನ್ನು ನಿಜವಾಗಿ ಹಿಡಿದಿಡುವುದು ಶಸ್ತ್ರಚಿಕಿತ್ಸೆಯ ನಂತರದ ವಾರಗಳಲ್ಲಿ ಇಂಪ್ಲಾಂಟಿನ ಸುತ್ತ ದೇಹವೇ ಕಟ್ಟಿಕೊಳ್ಳುವ ಕವಚ. ವರ್ಷಗಳು ಕಳೆದು ಒಳಗಿನ ಸಿಲಿಕೋನ್ ತುಂಡಾದರೂ, ಕವಚ ಚೆನ್ನಾಗಿದ್ದರೆ ಬೆರಳು ಕೆಲಸ ಮಾಡುತ್ತಿರುವುದನ್ನು ನಾವು ಕಾಣುತ್ತೇವೆ. ಕವಚ ಕೆಟ್ಟದಾಗಿ ಕಟ್ಟಿದ್ದರೆ ಹೊಚ್ಚಹೊಸ ಇಂಪ್ಲಾಂಟ್ ಇದ್ದರೂ ಪ್ರಯೋಜನವಿಲ್ಲ. ಆ ಕವಚ ಯಾವ ದಿಕ್ಕಿನಲ್ಲಿ ಸಡಿಲ, ಯಾವ ದಿಕ್ಕಿನಲ್ಲಿ ಬಿಗಿ ಎಂಬುದು ತೀರ್ಮಾನವಾಗುವುದು ಸುಮಾರು ಮೊದಲ 6 ವಾರಗಳಲ್ಲಿ. ತಮ್ಮ ಯೋಜನೆ ಕೈಬಿಡುವುದು 15ನೇ ದಿನಕ್ಕೆ.

ಆ 6 ವಾರಗಳಲ್ಲಿ ಆಗಬೇಕಾದ ಕೆಲಸ ಹೀಗಿದೆ. ಮೊದಲ ದಪ್ಪ ಪಟ್ಟಿಯನ್ನು ಮೂರರಿಂದ ಏಳು ದಿನಗಳೊಳಗೆ ಬಿಚ್ಚಿ ಡೈನಮಿಕ್ ಸ್ಪ್ಲಿಂಟ್ ಹಾಕಬೇಕು. ಥರ್ಮೋಪ್ಲಾಸ್ಟಿಕ್ ಹಾಳೆಯನ್ನು ಸುಮಾರು 70 ಡಿಗ್ರಿ ಬಿಸಿನೀರಿನಲ್ಲಿ ಮೆತ್ತಗೆ ಮಾಡಿ ಮುಂಗೈಯ ಹಿಂಬದಿಗೆ ಅಚ್ಚು ತೆಗೆಯುತ್ತೇವೆ, ಮಣಿಕಟ್ಟು ತುಸು ಮೇಲಕ್ಕೆತ್ತಿದ ಸ್ಥಿತಿಯಲ್ಲಿ. ಅದರ ಮೇಲೆ ತಂತಿಯ ಚೌಕಟ್ಟು. ಪ್ರತಿ ಬೆರಳಿನ ಬುಡದ ಮೂಳೆಯ ಕೆಳಗೆ ಒಂದು ಮೃದು ಪಟ್ಟಿ, ಅದನ್ನು ಮೇಲೆತ್ತುವ ಒಂದು ರಬ್ಬರ್ ಬ್ಯಾಂಡ್. ಎಳೆತ ಬೆರಳ ಮೂಳೆಗೆ 90 ಡಿಗ್ರಿಯಲ್ಲಿರಬೇಕು, ತುಸು ಹೆಬ್ಬೆರಳ ಕಡೆಗೆ ವಾಲಿರಬೇಕು. ಬ್ಯಾಂಡ್ ಬಿಗಿಯಾದರೆ ರೋಗಿ ಬೆರಳು ಮಡಚಲಾರ, ಸಡಿಲವಾದರೆ ಬೆರಳು ಜೋತುಬೀಳುತ್ತದೆ. ಇಳಿಯುತ್ತಿರುವ ಊತಕ್ಕೆ ತಕ್ಕಂತೆ ಎಳೆತದ ದಿಕ್ಕು ತಪ್ಪುತ್ತಾ ಹೋಗುವುದರಿಂದ ವಾರಕ್ಕೊಮ್ಮೆಯಾದರೂ ಸರಿಪಡಿಸಬೇಕು. ಸ್ಟೀರಾಯ್ಡ್ ತೆಗೆದುಕೊಳ್ಳುವ ಸಂಧಿವಾತ ರೋಗಿಗಳ ಚರ್ಮ ಈರುಳ್ಳಿ ಸಿಪ್ಪೆಯಷ್ಟು ತೆಳು. ಮಣಿಕಟ್ಟಿನ ಉಬ್ಬು ಮೂಳೆಯ ಮೇಲೆ ಸ್ಪ್ಲಿಂಟ್ ಒತ್ತಿದರೆ ಹುಣ್ಣಾಗುತ್ತದೆ. ಅದನ್ನು ಮೊದಲೇ ಕಾಣುವ ಕಣ್ಣು ಪಳಗಿದ ಥೆರಪಿಸ್ಟ್‌ಗೆ ಮಾತ್ರ ಇರುತ್ತದೆ.

ಹಗಲಿಡೀ ಈ ಸ್ಪ್ಲಿಂಟ್, ಎಚ್ಚರವಿದ್ದಾಗ ಗಂಟೆಗೊಮ್ಮೆ ವ್ಯಾಯಾಮ. ಇಲ್ಲೊಂದು ಸೂಕ್ಷ್ಮವಿದೆ: ಬೆರಳ ನಡುಗೆಣ್ಣು ಸುಲಭವಾಗಿ ಮಡಚುತ್ತದೆ, ಹೊಸ ಬುಡಗೆಣ್ಣು ಮಡಚುವುದಿಲ್ಲ. ರೋಗಿ ಮುಷ್ಟಿ ಕಟ್ಟಿದೆ ಎಂದುಕೊಳ್ಳುತ್ತಾಳೆ, ಬುಡ ಅಲ್ಲಾಡಿಯೇ ಇರುವುದಿಲ್ಲ. ಅದಕ್ಕೇ ನಡುಗೆಣ್ಣಿಗೆ ಪುಟ್ಟ ಪಟ್ಟಿ ಕಟ್ಟಿ ಬುಡದಿಂದಲೇ ಮಡಚಿಸಬೇಕು. ಕಿರುಬೆರಳು ಎಲ್ಲಕ್ಕಿಂತ ಸೋಮಾರಿ, ಅದಕ್ಕೆ ವಿಶೇಷ ಗಮನ. ರಾತ್ರಿ ಬೇರೆ ಸ್ಪ್ಲಿಂಟ್, ಅದು 3 ತಿಂಗಳವರೆಗೆ. ಇಷ್ಟು ಮಾಡಿದರೆ ಬುಡಗೆಣ್ಣು 40ರಿಂದ 60 ಡಿಗ್ರಿ ಮಡಚುತ್ತದೆ, ಬೆರಳು ಬಹುತೇಕ ನೆಟ್ಟಗೆ ಬಿಚ್ಚುತ್ತದೆ, ನೋವು ಹೋಗುತ್ತದೆ. ಲೋಟ, ಲಟ್ಟಣಿಗೆ, ಪೆನ್ನು ಹಿಡಿಯಲು ಅಷ್ಟು ಸಾಕು.

ಇನ್ನು ತಮ್ಮ ಯೋಜನೆಯಡಿ ನಡೆದ ಒಂದು ಪ್ರಕರಣ. ಬಯಲುಸೀಮೆಯ ಮಹಿಳೆ, ಬಿಪಿಎಲ್ ಕಾರ್ಡು, ಬಲಗೈಯ ನಾಲ್ಕು ಗೆಣ್ಣುಗಳ ಬದಲಾವಣೆ. ಆಸ್ಪತ್ರೆಯ ಹೆಸರು ಬೇಡ, ಏಕೆಂದರೆ ಬೇರೆ ಆಸ್ಪತ್ರೆಯಾಗಿದ್ದರೂ ಹೀಗೇ ಆಗುತ್ತಿತ್ತು. ಶಸ್ತ್ರಚಿಕಿತ್ಸೆಯಲ್ಲಿ ತಪ್ಪಿಲ್ಲ. ಕಡತದಲ್ಲಿ ನಾಲ್ಕು ಇಂಪ್ಲಾಂಟ್‌ಗಳ ನಾಲ್ಕು ಬಾರ್‌ಕೋಡ್ ಚೀಟಿಗಳನ್ನು ಸಾಲಾಗಿ ಅಂಟಿಸಲಾಗಿದೆ, ಎಕ್ಸ್‌ರೇಯಲ್ಲಿ ಎಲ್ಲವೂ ನೆಟ್ಟಗಿವೆ. ಬಿಡುಗಡೆಯ ಚೀಟಿಯಲ್ಲಿ ನೋವಿನ ಮಾತ್ರೆ, ಆಂಟಿಬಯಾಟಿಕ್, ಬೆರಳ ತುದಿಯವರೆಗೆ ಪ್ಲಾಸ್ಟರ್ ಪಟ್ಟಿ, ಒಂದು ತಿಂಗಳ ನಂತರ ಬರಲು ಸೂಚನೆ. ಥೆರಪಿ ಎಂಬ ಪದವೇ ಅದರಲ್ಲಿಲ್ಲ. ಮನೆಯವರು ಕೇಳಿದಾಗ ಸ್ಪ್ಲಿಂಟ್ ಪ್ಯಾಕೇಜಿನಲ್ಲಿಲ್ಲ, ಹೊರಗೆ ಮಾಡಿಸಿಕೊಳ್ಳಿ ಎಂದರು. ಊರಿನ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ, ಇಂಥ ಸಲಕರಣೆ ಅಂಗವಿಕಲರಿಗಾಗಿ ಇರುವ ಕೇಂದ್ರದ ಅಡಿಪ್ ಯೋಜನೆಯಲ್ಲಿ ಸಿಗುತ್ತದೆ, ಶೇ 40 ಅಂಗವೈಕಲ್ಯದ ಪ್ರಮಾಣಪತ್ರ ತನ್ನಿ ಎಂದರು. ಪ್ರಮಾಣಪತ್ರಕ್ಕೆ ಹೋದರೆ, ಚಿಕಿತ್ಸೆ ಇನ್ನೂ ಮುಗಿದಿಲ್ಲ, ಆರು ತಿಂಗಳು ಬಿಟ್ಟು ಬನ್ನಿ ಎಂದರು.

ನಮ್ಮ ಬಳಿಗೆ ಬಂದಾಗ ಆ ನಾಲ್ಕು ಗೆಣ್ಣುಗಳು ನೆಟ್ಟಗೆ ಸೆಟೆದು ನಿಂತಿದ್ದವು. ಮಡಚುತ್ತಿದ್ದುದು 10 ಡಿಗ್ರಿ. ಕಿರುಬೆರಳು ಆಗಲೇ ಪಕ್ಕಕ್ಕೆ ವಾಲಲು ಶುರುವಾಗಿತ್ತು. ಹೆಬ್ಬೆರಳು ಯಾವ ಬೆರಳನ್ನೂ ಮುಟ್ಟುತ್ತಿರಲಿಲ್ಲ. ಶಸ್ತ್ರಚಿಕಿತ್ಸೆಗೆ ಮುಂಚೆ ಸೊಟ್ಟ ಬೆರಳಲ್ಲಾದರೂ ಸೆರಗು ಸಿಕ್ಕಿಸಿಕೊಳ್ಳುತ್ತಿದ್ದವರು ಈಗ ಅದಕ್ಕೂ ಮಗಳನ್ನು ಕರೆಯುತ್ತಾರೆ. ಕವಚ ಗಟ್ಟಿಯಾಗಿಬಿಟ್ಟಿತ್ತು. ಆ ಹಂತದಲ್ಲಿ ಬಲವಂತವಾಗಿ ಮಡಚಿದರೆ ಇಂಪ್ಲಾಂಟ್ ಹರಿಯುತ್ತದೆ. ಈಗ ಅವರಿಗೆ ಮರುಶಸ್ತ್ರಚಿಕಿತ್ಸೆಗೆ ಅರ್ಜಿ ಹಾಕಲು ಹೇಳಲಾಗಿದೆ. ಅಂದರೆ ಇಡೀ ಶಸ್ತ್ರಚಿಕಿತ್ಸೆಗೆ ಎರಡನೇ ಸಲ ಹಣ ಕೊಡಲು ದಾರಿಯಿದೆ, ಒಂದು ಹಾಳೆ ಪ್ಲಾಸ್ಟಿಕ್‌ಗೂ ನಾಲ್ಕು ರಬ್ಬರ್ ಬ್ಯಾಂಡಿಗೂ ಇಲ್ಲ. ಸ್ವಾಮಿ, ಇದನ್ನು ಬರೆಯುವಾಗ ನಮಗೆ ಸಿಟ್ಟು ಬರುತ್ತದೆ. ಬರಬಾರದೇ?

45×60 ಸೆಂಟಿಮೀಟರ್ ಹಾಳೆಯೊಂದರಲ್ಲಿ ಹಗಲಿನ ಸ್ಪ್ಲಿಂಟ್, ರಾತ್ರಿಯ ಸ್ಪ್ಲಿಂಟ್ ಎರಡನ್ನೂ ಕತ್ತರಿಸಬಹುದು. ಇಂಪ್ಲಾಂಟಿನ ಬೆಲೆಯ ಪಕ್ಕದಲ್ಲಿ ಇದು ಏನೂ ಅಲ್ಲ. ಇಂಪ್ಲಾಂಟ್ ಬೆಲೆಯ ಬಗ್ಗೆಯೂ ನಮಗೆ ತಕರಾರಿದೆ. 2017ರ ಆಗಸ್ಟ್‌ನಲ್ಲಿ ಮಂಡಿಯ ಇಂಪ್ಲಾಂಟ್‌ಗಳಿಗೆ ಬಂದ ಗರಿಷ್ಠ ಬೆಲೆ ಮಿತಿ ಕೈಯ ಇಂಪ್ಲಾಂಟ್‌ಗಳಿಗೆ ಬಂದಿಲ್ಲ. ಆದರೆ ಅದು ದೆಹಲಿಯ ಕೈಯಲ್ಲಿರುವ ವಿಷಯ. 12 ವಾರಗಳ ಥೆರಪಿ ತಮ್ಮ ಕೈಯಲ್ಲಿದೆ.

ಮಣಿಕಟ್ಟಿನ ವಿಷಯ ಚುಟುಕಾಗಿ ಹೇಳುತ್ತೇವೆ. ಲೋಹ ಮತ್ತು ಪಾಲಿಎಥಿಲಿನ್‌ನ ಕೃತಕ ಮಣಿಕಟ್ಟು ಹಾಕಿಸಿಕೊಂಡವರು ಜೀವನಪೂರ್ತಿ ಆ ಕೈಯಲ್ಲಿ ಭಾರ ಎತ್ತುವುದಕ್ಕೆ ಮಿತಿ ಹಾಕಿಕೊಳ್ಳಬೇಕು, ಇಲ್ಲದಿದ್ದರೆ ಅಂಗೈ ಕಡೆಯ ಭಾಗ ಸಡಿಲವಾಗುತ್ತದೆ. ಗುದ್ದಲಿ ಹಿಡಿಯುವ ಕೈಗೆ ಪ್ಲೇಟ್ ಹಾಕಿ ಮಣಿಕಟ್ಟನ್ನು ಬೆಸೆಯುವುದೇ ಮೇಲು ಎಂಬುದು ನಮ್ಮ ಅಭಿಪ್ರಾಯ. ಆದರೆ ಒಂದು ಮಾತು ಪೂರ್ವಾನುಮತಿ ಕೊಡುವವರಿಗೆ ತಿಳಿದಿರಲಿ: ಮಣಿಕಟ್ಟು ಹೆಬ್ಬೆರಳ ಕಡೆ ವಾಲಿದ್ದರೆ ಬೆರಳುಗಳು ಅದಕ್ಕೆ ಎದುರು ದಿಕ್ಕಿಗೆ ವಾಲುತ್ತವೆ. ಮಣಿಕಟ್ಟನ್ನು ಸರಿಪಡಿಸದೆ ಬೆರಳಿನ ಇಂಪ್ಲಾಂಟಿಗೆ ಮಾತ್ರ ಅನುಮತಿ ಕೊಟ್ಟರೆ ಅದೇ ವಕ್ರತೆ ಮರಳುತ್ತದೆ. ಮೊದಲು ಮಣಿಕಟ್ಟು, ನಂತರ ಬೆರಳು.

ಥೆರಪಿಸ್ಟ್‌ಗಳೇ ಇಲ್ಲ ಎಂಬ ಉತ್ತರ ಬರುತ್ತದೆಂದು ಗೊತ್ತು. ಫಿಸಿಯೋಥೆರಪಿ, ಆಕ್ಯುಪೇಷನಲ್ ಥೆರಪಿ ಎರಡಕ್ಕೂ 2021ರಲ್ಲೇ ಸಂಸತ್ತು ಕಾಯ್ದೆಯ ಮಾನ್ಯತೆ ಕೊಟ್ಟಿದೆ. ಜಿಲ್ಲಾಸ್ಪತ್ರೆಗೊಬ್ಬರಿಗೆ ಕೈಯ ಸ್ಪ್ಲಿಂಟ್ ಮಾಡುವ ತರಬೇತಿ ಕೊಡಿ. ಬೇಕಾದ ಸಲಕರಣೆ ಬಿಸಿನೀರಿನ ತೊಟ್ಟಿ, ಹೀಟ್ ಗನ್, ಕತ್ತರಿ, ತಂತಿ ಬಗ್ಗಿಸುವ ಇಕ್ಕಳ, ಕೋನಮಾಪಕ, ಥರ್ಮೋಪ್ಲಾಸ್ಟಿಕ್ ಹಾಳೆ. ಒಂದು ಚಿಕ್ಕ ಮೇಜಿನ ಮೇಲೆ ಇಡುವಷ್ಟು. ಕಲಿಸಲು ನಾವು ಬರುತ್ತೇವೆ, ಅದಕ್ಕೆ ಸಂಭಾವನೆ ಬೇಡ.

ಮತ್ತೆ ಕೇಳುತ್ತೇವೆ. ಬೆರಳು, ಮಣಿಕಟ್ಟಿನ ಕೀಲು ಬದಲಾವಣೆಯ ಪ್ಯಾಕೇಜಿಗೆ 12 ವಾರಗಳ ಥೆರಪಿ ಸೇರಿಸಿ. ಹಗಲಿನ ಮತ್ತು ರಾತ್ರಿಯ ಸ್ಪ್ಲಿಂಟ್‌ಗೆ ಪ್ರತ್ಯೇಕ ದರ ನಿಗದಿ ಮಾಡಿ. ಯಾವ ಥೆರಪಿಸ್ಟ್, ಎಲ್ಲಿ, ಯಾವ ದಿನದಿಂದ ಎಂಬ ವೇಳಾಪಟ್ಟಿ ಲಗತ್ತಿಸದ ಅರ್ಜಿಗೆ ಪೂರ್ವಾನುಮತಿಯನ್ನೇ ಕೊಡಬೇಡಿ. ಶಸ್ತ್ರಚಿಕಿತ್ಸಕರಾಗಿ ನಮಗೂ ಅನ್ವಯಿಸುವ ಕಟ್ಟುನಿಟ್ಟು ಅದು, ನಾವೇ ಕೇಳುತ್ತಿದ್ದೇವೆ. ಆಸ್ಪತ್ರೆಯ ಬಿಲ್ ಪಾವತಿಯ ಕೊನೆಯ ಕಂತನ್ನು 12ನೇ ವಾರದಲ್ಲಿ ಅಳೆದ ಗೆಣ್ಣಿನ ಕೋನ ದಾಖಲಾದ ಮೇಲೆ ಬಿಡುಗಡೆ ಮಾಡಿ.

ಇದಕ್ಕೆ ಹೊಸ ಕಾನೂನು ಬೇಕಿಲ್ಲ, ಈ ಯೋಜನೆಯನ್ನು ನಡೆಸುವ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್‌ಗೆ ತಮ್ಮಿಂದ ಒಂದು ಸೂಚನೆ ಹೋದರೆ ಪ್ಯಾಕೇಜ್ ಪರಿಷ್ಕರಣೆಯ ಕೆಲಸ ಶುರುವಾಗುತ್ತದೆ. ಆ ಸೂಚನೆ ಯಾವಾಗ ಹೊರಡುತ್ತದೆ ಎಂದು ದಿನಾಂಕ ಸಹಿತ ತಿಳಿಸಿ.

ಇಂತಿ ತಮ್ಮ ವಿಶ್ವಾಸಿಗಳು,
ಕೈ ಶಸ್ತ್ರಚಿಕಿತ್ಸೆ ಮತ್ತು ಕೈ ಥೆರಪಿಯಲ್ಲಿ ದುಡಿಯುವವರು